ಹೆಡ್ಡಿನ ಡೊಂಕು

ಮೈಸೂರಿನ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ದಿ ಮೋಟಾರ್ ಸೈಕಲ್ಲುಗಳಲ್ಲೊಂದು ನನ್ನ ತಂದೆಯವರ ಕಾಲದಿಂದಲೂ ನಮ್ಮ ಮನೆಯಲ್ಲಿದೆ. ಕಳೆದ ಬೇಸಿಗೆಯಲ್ಲಿ ಹಲಸೂರಿನ ಬಳಿ ಅದು ಬಲಗುಂದಿತು. ಹೆಡ್ಡಿನ ಸಂದಿನಿಂದ ಎಣ್ಣೆ ಜಿನುಗುತ್ತಿತ್ತು. ಗುಜರಿಗೆ ಹಾಕಿರೆಂದರು ಹಲವರು.

ಶಿವಾಜಿನಗರದ ವೃದ್ಧ ಮೇಸ್ತ್ರಿಯೊಬ್ಬರು ಹೆಡ್ಡನ್ನು ಬಿಚ್ಚಿ, ದಪ್ಪ ಗಾಜಿನ ಮೇಲಿಟ್ಟು ಅಂಚನ್ನು ಒತ್ತಿದರು, ಅದು ಅಲುಗಿತು. ಅಲ್ಯೂಮಿನಿಯಂ ಹೆಡ್ಡು ಅತಿಯಾಗಿ ಕಾದರೆ, ಬೋಲ್ಟುಗಳ ಬಿಗಿ ಸಮನಾಗಿರದಿದ್ದರೆ ಡೊಂಕಾಗುತ್ತದೆ. ಒತ್ತಡ ಸಂದಿನಿಂದ ಸೋರಿಹೋಗುತ್ತದೆ. ಹಿಂದೊಮ್ಮೆ ಒಂದೇ ಬೋಲ್ಟನ್ನು ಹಿಡಿದು ಬಿಗಿದವನು ನಾನೇ ಎಂಬುದನ್ನು ಆಗ ಒಪ್ಪಿಕೊಂಡೆ.

ಅವರು ಗಾಜಿನ ಮೇಲೆ ಎಮರಿ ಕಾಗದ ಹಾಸಿ, ಎಣ್ಣೆ ಬಿಟ್ಟು, ಎಂಟರ ಆಕಾರದಲ್ಲಿ ತಿರುಗಿಸುತ್ತ ಉಜ್ಜಲು ನನಗೇ ಕೊಟ್ಟರು. ಮೊದಲು ಉಬ್ಬುಗಳಷ್ಟೇ ಹೊಳೆದವು. ತಗ್ಗುಗಳು ಕಪ್ಪಾಗಿಯೇ ಉಳಿದವು. ಆತುರದಿಂದ ಅದುಮಿದೆ.

“ಒತ್ತಬೇಡಿ ಸಾರ್, ಕೈಭಾರವೇ ಸಾಕು” ಎಂದರು.

ಅಗತ್ಯಕ್ಕಿಂತ ಹೆಚ್ಚು ಸವೆಸಿದರೆ ಇಂಧನ ಉರಿಯುವ ಕೋಣೆ ಕಿರಿದಾಗಿ ಇಂಜಿನ್ನು ಬಡಿದುಕೊಳ್ಳುತ್ತದಂತೆ. ಮೈಯೆಲ್ಲ ಒಂದೇ ಬಣ್ಣಕ್ಕೆ ಬಂದೊಡನೆ ನಿಲ್ಲಿಸಿ, ತೊಳೆದು, ಹೊಸ ಗ್ಯಾಸ್ಕೆಟ್ಟಿಟ್ಟು, ಬೋಲ್ಟುಗಳನ್ನು ಎದುರುಬದುರಾಗಿ ಸ್ವಲ್ಪಸ್ವಲ್ಪವೇ ಬಿಗಿದರು.

ಅಂದು ಸಂಜೆ ತಂದೆಯವರು ಜಗಲಿಯಲ್ಲಿ ಕುಳಿತು ಆ ಹಳೆಯ ಸದ್ದನ್ನು ಬಹಳ ಹೊತ್ತು ಆಲಿಸಿದರು.