ವಲಸೆಗಾರರೂ ರಾಷ್ಟ್ರನಿಷ್ಠೆಯೂ



ಬಾಳುತ್ತಿರುವ ದೇಶಕ್ಕೆ ನಿಷ್ಠನಾಗಬೇಕಾದರೆ ಮನುಷ್ಯನು ತನ್ನ ಹಿರಿಯರ ನುಡಿಯನ್ನೂ ನಡೆಯನ್ನೂ ತೊರೆಯಲೇಬೇಕೆ? ಈ ಪ್ರಶ್ನೆಯನ್ನು ಸಿಂಹಳದ, ಅಂದರೆ ಈಗಿನ ಶ್ರೀಲಂಕೆಯ, ಚಹದ ತೋಟಗಳಲ್ಲಿ ನಿಂತು ಕೇಳಿ ನೋಡೋಣ.

ಹತ್ತೊಂಬತ್ತನೆಯ ಶತಮಾನದಲ್ಲಿ ತಿರುಚಿನಾಪಳ್ಳಿ, ಮಧುರೆ ಮೊದಲಾದ ಸೀಮೆಗಳ ಬಡ ತಮಿಳರು ಬರಕ್ಕೂ ಸಾಲಕ್ಕೂ ಅಂಜಿ, ಕಂಗಾಣಿಯೆಂಬ ಮೇಸ್ತ್ರಿಯ ಹಿಂದೆ ಕಡಲು ದಾಟಿ ಕ್ಯಾಂಡಿಯ ಬೆಟ್ಟಗಳನ್ನು ಹತ್ತಿದರು. ಮೊದಲು ಕಾಫಿ, 1869ರಲ್ಲಿ ತಲೆದೋರಿದ ಎಲೆರೋಗದಿಂದ ಕಾಫಿ ಹಾಳಾದ ಮೇಲೆ ಚಹ. ಅಲ್ಲಿಯ ಸಾಲುಮನೆಗಳಲ್ಲಿಯೇ ಅವರ ಮಕ್ಕಳು ಮೊಮ್ಮಕ್ಕಳು ಹುಟ್ಟಿದರು. ತೋಟದ ಬದಿಯಲ್ಲಿ ಮಾರಿಯಮ್ಮನಿಗೆ ಗುಡಿಯೂ ಎದ್ದಿತು.

ದ್ವೀಪವು 1948ರಲ್ಲಿ ಸ್ವತಂತ್ರವಾಯಿತು. ಅದೇ ವರ್ಷದ ಪೌರತ್ವ ಶಾಸನವು, ತಾನು ಅಲ್ಲಿ ಹುಟ್ಟಿದರೆ ಸಾಲದು, ತಂದೆಯೂ ಅಲ್ಲಿಯೇ ಹುಟ್ಟಿದನೆಂಬುದಕ್ಕೆ ಪ್ರಮಾಣ ಬೇಕೆಂದಿತು. ಕೂಲಿಯ ಮನೆಯಲ್ಲಿ ಅಂಥ ಕಾಗದವೆಲ್ಲಿ? ಹಿಂದಿನ ವರ್ಷ ಮತ ಕೊಟ್ಟವರೂ ಸೇರಿದಂತೆ ಸುಮಾರು ಏಳು ಲಕ್ಷ ಮಂದಿ ಯಾವ ದೇಶಕ್ಕೂ ಸೇರದವರಾದರು.

ಕ್ಯಾಂಡಿಯ ರೈತನ ಅಳಲು ಸುಳ್ಳಲ್ಲ. ಆತನ ಕಾಡನ್ನೂ ಗೋಮಾಳವನ್ನೂ ಆಂಗ್ಲ ಸರ್ಕಾರವು ತೋಟಗಾರರಿಗೆ ಮಾರಿತ್ತು. ಆದರೆ ಮಾರಿದವರು ಒಬ್ಬರು, ಕೊಂಡವರು ಇನ್ನೊಬ್ಬರು. ದಂಡ ತೆತ್ತವನು ಕೂಲಿಕಾರ.

1964ರಲ್ಲಿ ಶ್ರೀ ಲಾಲ್ ಬಹಾದೂರ್ ಶಾಸ್ತ್ರಿಗಳೂ ಶ್ರೀಮತಿ ಸಿರಿಮಾವೋ ಬಂಡಾರನಾಯಕೆಯವರೂ ಈ ಜನರನ್ನು ಲೆಕ್ಕದಲ್ಲಿ ಹಂಚಿಕೊಂಡರು: ಒಟ್ಟು 9,75,000, ಭಾರತಕ್ಕೆ 5,25,000, ಸಿಂಹಳಕ್ಕೆ 3,00,000, ಮಿಕ್ಕವರ ಮಾತು ಆಮೇಲೆ. ಹೀಗೆ ಬಂದವರಲ್ಲಿ ಕೆಲವರು ನಮ್ಮ ಸುಳ್ಯ, ಪುತ್ತೂರುಗಳ ರಬ್ಬರು ತೋಟಗಳನ್ನು ಸೇರಿದರು. ಅಲ್ಲಿ ‘ಇಂಡಿಯದವರು’ ಎನ್ನಿಸಿಕೊಂಡವರು ಇಲ್ಲಿ ‘ಸಿಲೋನಿನವರು’ ಎನ್ನಿಸಿಕೊಂಡರು!

ಅತ್ತ, ದ್ವೀಪದಲ್ಲಿ ಪೌರತ್ವವಿಲ್ಲದೆ ಉಳಿದಿದ್ದವರಿಗೆ 2003ರ ಶಾಸನವು ಪೌರತ್ವವನ್ನು ತೆರೆದಿಟ್ಟಿತು. ಆ ವೇಳೆಗೆ ಅವರು ತಮಿಳನ್ನು ಮರೆತಿದ್ದರೆ? ಮಾರಿಯಮ್ಮನನ್ನು ಬಿಟ್ಟಿದ್ದರೆ? ಇಲ್ಲ. ಬದಲಾದುದು ಶಾಸನ, ಜನರಲ್ಲ. ಹಾಗಾದರೆ ನಿಷ್ಠೆಗೆ ಅಡ್ಡಿಯಾಗಿದ್ದುದು ಅವರ ನುಡಿಯಲ್ಲವೆಂದೇ ಆಯಿತು. ರಾಜ್ಯವು ಪ್ರಜೆಯಿಂದ ಕರ್ತವ್ಯವನ್ನು ಕೇಳಬಹುದು, ಮರೆವನ್ನು ಕೇಳಲಾಗದು.

ಕನ್ನಡಿಗರಿಗೆ ಇದು ಹೊಸ ಪಾಠವೇನೂ ಅಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ಅವರನ್ನು ನಮ್ಮವರೆನ್ನಲು ನಾವು ಒಂದು ಗಳಿಗೆಯೂ ತಡೆದವರಲ್ಲ. ಕವಿಗಳಿಗೆ ಹಿಡಿದ ಆ ಅಳತೆಗೋಲನ್ನೇ ಸುಳ್ಯದ ರಬ್ಬರು ತೋಟದ ಕೂಲಿಕಾರನಿಗೂ ಹಿಡಿಯುತ್ತೇವೆಯೆ? ನಮ್ಮ ಔದಾರ್ಯದ ಪರೀಕ್ಷೆ ಇರುವುದು ಅಲ್ಲಿ.