ಬೀರುವಿನ ಬೀಗ ಮತ್ತು ನಮ್ಮ ಸೀಮೆಯ ಪುಸ್ತಕಗಳು

(ಸುವರ್ಣ ಮಹೋತ್ಸವದ ಎರಡನೆಯ ದಿನ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮೊದಲ ತಂಡದ ವಿದ್ಯಾರ್ಥಿನಿಯೊಬ್ಬರು ಮಾಡಿದ ಭಾಷಣದ ಬರಹರೂಪ)



ನನಗೆ ಕೊಟ್ಟಿರುವ ವಿಷಯ ‘ಓದಲೇಬೇಕಾದ ಪುಸ್ತಕಗಳು’. ಆ ‘ಲೇಬೇಕಾದ’ ಅನ್ನುವುದು ನನಗೆ ಅಷ್ಟು ಹಿಡಿಸಲಿಲ್ಲ. 31 ವರ್ಷ ಗ್ರಂಥಾಲಯದಲ್ಲಿ ಸಹಾಯಕಿಯಾಗಿ ಕೆಲಸ ಮಾಡಿದವಳು ನಾನು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಎಲ್ಲ ಕಡೆಯ ನೀರೂ ಕುಡಿದಿದ್ದೇನೆ. ಓದಲೇಬೇಕು ಎಂದು ಒತ್ತಾಯ ಮಾಡಿ ಕೊಟ್ಟ ಪುಸ್ತಕ ಓದಿಸಿಕೊಂಡದ್ದನ್ನು ನೋಡಿದ್ದು ಕಡಿಮೆ. ಆದ್ದರಿಂದ ನನಗೆ ಗೊತ್ತಿರುವ ಕೆಲವು ಪುಸ್ತಕಗಳ ವಿಚಾರ ಹೇಳುತ್ತೇನೆ. ಬೇಕೆನಿಸಿದವರು ಓದಿ.

ಮೊದಲು ನಮ್ಮ ಮನೆಯ ಒಂದು ಮಾತು. 1975ರಲ್ಲಿ ಈ ಶಾಲೆ ಶುರುವಾದಾಗ ಎಂಟನೆಯ ತರಗತಿಗೆ ಸೇರಿದ ಹುಡುಗಿಯರು ನಾವು ನಾಲ್ಕೇ ಜನ. ಹತ್ತನೆಯ ತರಗತಿಗೆ ಬರುವ ಹೊತ್ತಿಗೆ ಇಬ್ಬರು ಉಳಿದಿದ್ದೆವು. ನಮ್ಮ ಕನ್ನಡ ಮೇಷ್ಟ್ರು ಪೇಟೆಯಿಂದ ತಮ್ಮ ಹೆಸರಿನಲ್ಲಿ ಪುಸ್ತಕ ತಂದು ನಮಗೆ ಕೊಡುತ್ತಿದ್ದರು. ಹಾಗೆ ಬಂದದ್ದು ಎಸ್.ಎಲ್. ಭೈರಪ್ಪನವರ ‘ಗೃಹಭಂಗ’. ರಾತ್ರಿ ಲಾಟೀನು ಮುಂದಿಟ್ಟುಕೊಂಡು ಓದುತ್ತಿದ್ದೆ. ನಮ್ಮವ್ವ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ‘ಅದೇನು ಬಾಯಲ್ಲೇ ಮಣಮಣ ಅಂತೀಯ, ಗಟ್ಟಿಯಾಗಿ ಓದು’ ಎಂದಳು. ಓದಿದೆ.

ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ, ಲೆಕ್ಕ ಬರೆಯುವುದು ಅವನ ಕೈಲಾಗದು. ನಂಜಮ್ಮನೇ ಲೆಕ್ಕ ಬರೆಯುತ್ತಾಳೆ, ಮುತ್ತುಗದ ಎಲೆ ಹಚ್ಚಿ ಮಾರುತ್ತಾಳೆ, ಮಕ್ಕಳ ಹೊಟ್ಟೆ ತುಂಬಿಸುತ್ತಾಳೆ. ಪ್ಲೇಗು ಬಂದು ಬೆಳೆದ ಮಕ್ಕಳನ್ನು ಕೊಂಡೊಯ್ಯುವ ಭಾಗ ಓದಿದ ರಾತ್ರಿ ಅವ್ವನ ಮುಂದಿನ ಮೊರದಲ್ಲಿ ಅವರೆಕಾಯಿ ಹಾಗೇ ಉಳಿಯಿತು. ಆಮೇಲೆ ಕೇಳಿದಳು: ‘ಇದ ಬರ್ದೋರು ಯಾರವ್ವ? ಗಂಡಸಾಗಿ ಹೆಂಗಸರ ಕಷ್ಟ ಹೆಂಗೆ ಗೊತ್ತಾಯ್ತು?’

‘ಸಂತೇಶಿವರದೋರಂತೆ ಕಣವ್ವ, ಚನ್ನರಾಯಪಟ್ಟಣದ ತಾಲ್ಲೂಕು.’

‘ಹಂಗಾರೆ ಕಣ್ಣಾರೆ ಕಂಡೇ ಬರ್ದವ್ರೆ.’

ಅವಳ ಮಾತು ಸುಳ್ಳಾಗಿರಲಿಲ್ಲ. 1996ರಲ್ಲಿ ಭೈರಪ್ಪನವರ ಆತ್ಮಕಥೆ ‘ಭಿತ್ತಿ’ ಬಂದಾಗ ನನಗೆ ಅದು ತಿಳಿಯಿತು. ಪ್ಲೇಗಿಗೆ ತಾಯಿಯನ್ನೂ ಒಡಹುಟ್ಟಿದವರನ್ನೂ ಕೊಟ್ಟ ಹುಡುಗ, ಕಂಡವರ ಮನೆಯಲ್ಲಿ ಉಂಡು, ಊರೂರು ಅಲೆದು, ಮುಂಬೈಯಲ್ಲಿ ಕೂಲಿ ಮಾಡಿ ಓದಿದ ಕಥೆ ಅದು. ಮಕ್ಕಳೇ, ‘ಗೃಹಭಂಗ’ ಮೊದಲು, ‘ಭಿತ್ತಿ’ ಆಮೇಲೆ ಓದಿ. ಕಾದಂಬರಿಯಲ್ಲಿ ಬಂದ ದುಃಖ ಯಾವ ಮನೆಯಿಂದ ಬಂತು ಎಂಬುದು ಗೊತ್ತಾಗುತ್ತದೆ. ಅವರ ಎಲ್ಲ ವಿಚಾರಗಳನ್ನೂ ನಾನು ಒಪ್ಪುವವಳಲ್ಲ. ಕಡೆಕಡೆಯ ಕೆಲವು ಕಾದಂಬರಿಗಳನ್ನು ಓದುತ್ತಾ ಜಗಳ ಆಡಿದ್ದೇನೆ. ಆದರೆ 2025ರ ಸೆಪ್ಟೆಂಬರಿನಲ್ಲಿ ಅವರು ತೀರಿಕೊಂಡ ಸುದ್ದಿ ಕೇಳಿದ ದಿನ ನನಗೆ ನೆನಪಾದದ್ದು ಆ ಅವರೆಕಾಯಿ ಮೊರ.

ಆ ವರ್ಷ ನನ್ನ ಮದುವೆಯ ಮಾತು ನಡೆದಿತ್ತು. ಪರೀಕ್ಷೆಗೆ ಮೊದಲೇ ಮುಗಿಸಿಬಿಡುವುದು ಅಪ್ಪನ ಲೆಕ್ಕ. ಅವ್ವ ಒಂದು ಬೆಳಿಗ್ಗೆ ಒಲೆಯ ಮುಂದೆ ಕೂತು ಅಪ್ಪನಿಗೆ ಹೇಳಿದಳು: ‘ಲೆಕ್ಕ ಬರೆಯಕ್ಕೆ ಬಂದ್ರೆ ಎಂಥ ಗಂಡ ಸಿಕ್ಕಿದ್ರೂ ಬದುಕ್ತಾಳೆ. ಪರೀಕ್ಷೆ ಬರೀಲಿ.’ ಪುಸ್ತಕದಿಂದಲೇ ನನ್ನ ಓದು ಉಳಿಯಿತು ಎಂದರೆ ಅತಿಯಾದೀತು. ಆ ಸಲ ಆಲೂಗೆಡ್ಡೆಗೆ ಬೆಲೆ ಬಿದ್ದುಹೋಗಿತ್ತು, ಮದುವೆಗೆ ದುಡ್ಡೂ ಇರಲಿಲ್ಲ. ಎರಡೂ ಸೇರಿ ನಾನು 1978ರಲ್ಲಿ ಎಸ್ಸೆಸ್ಸೆಲ್ಸಿ ಬರೆದೆ. ನನ್ನ ಜೊತೆಗಾತಿ ಬರೆಯಲಿಲ್ಲ. ಅವಳು ಇವತ್ತು ಇಲ್ಲಿಗೆ ಬಂದಿದ್ದಾಳೆ, ಹೆಸರು ಹೇಳಬೇಡ ಎಂದಿದ್ದಾಳೆ.

ಇನ್ನು ಗೊರೂರರ ವಿಚಾರ. ಹೇಮಾವತಿ ದಂಡೆಯ ಗೊರೂರಿನಲ್ಲಿ 1904ರಲ್ಲಿ ಹುಟ್ಟಿದ ರಾಮಸ್ವಾಮಿ ಅಯ್ಯಂಗಾರ್ಯರು ‘ಹಳ್ಳಿಯ ಚಿತ್ರಗಳು’ ಪ್ರಕಟಿಸಿದ್ದು 1930ರಲ್ಲಿ. ಕಾದಂಬರಿ ಎಂದರೆ ಹೆದರುವವರು ಅಲ್ಲಿಂದ ಶುರು ಮಾಡಬಹುದು. ಒಂದೊಂದು ಪ್ರಬಂಧ ಹತ್ತು ಹದಿನೈದು ನಿಮಿಷದ ಓದು. ನಗು ಬರುತ್ತದೆ, ಪಕ್ಕದವರನ್ನು ಕರೆದು ಓದಿ ಹೇಳಬೇಕೆನಿಸುತ್ತದೆ. ವಯಸ್ಸಾದ ಮೇಲೆ ಅಮೆರಿಕಕ್ಕೆ ಹೋಗಿ ಬಂದು ಬರೆದ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅಮೆರಿಕವನ್ನೂ ಅವರು ಗೊರೂರಿನ ಜಗಲಿಯ ಮೇಲೆ ಕೂತೇ ನೋಡಿದ ಹಾಗಿದೆ. ಗಾಂಧೀಜಿಯವರ ಆತ್ಮಕಥೆಯನ್ನು ಕನ್ನಡಕ್ಕೆ ತಂದವರೂ ಇವರೇ ಎಂಬುದು ನಮ್ಮ ಎಷ್ಟೋ ಜನಕ್ಕೆ ಗೊತ್ತಿಲ್ಲ. ‘ಭೂತಯ್ಯನ ಮಗ ಅಯ್ಯು’ ಸಿನಿಮಾ ನೋಡದವರು ಇಲ್ಲಿ ಯಾರೂ ಇರಲಾರರು. ಆ ಕಥೆಯೂ ಗೊರೂರರದೇ.

ಅದೇ ಗೊರೂರಿನಿಂದ ಬಂದ ಇನ್ನೊಬ್ಬರು ಕ್ಯಾಪ್ಟನ್ ಗೋಪಿನಾಥ್. ಹೇಮಾವತಿ ಅಣೆಕಟ್ಟಿಗೆ ಅವರ ಮನೆತನದ ಜಮೀನು ಮುಳುಗಿತು, ಬದಲಿಗೆ ಜಾವಗಲ್ ಕಡೆ ಒಣ ಭೂಮಿ ಸಿಕ್ಕಿತು. ಸೈನ್ಯ ಬಿಟ್ಟು ಬಂದು ಅಲ್ಲಿ ಗುಡಾರ ಹಾಕಿಕೊಂಡು ಬೇಸಾಯಕ್ಕೆ ನಿಂತವರು, 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದರು. ಅವರ ಆತ್ಮಕಥೆ ಕನ್ನಡದಲ್ಲಿ ‘ಬಾನಯಾನ’ ಎಂದು ಬಂದಿದೆ. ಅರಕಲಗೂಡಿನಲ್ಲಿ ನಾನಿದ್ದಾಗ ಹೊಗೆಸೊಪ್ಪು ಬೆಳೆಯುವ ರೈತರೊಬ್ಬರು ಅದನ್ನು ಮೂರು ಸಲ ತೆಗೆದುಕೊಂಡು ಹೋದರು. ‘ವಿಮಾನದ್ದು ಕಟ್ಟಿಕೊಂಡು ನನಗೇನಾಗಬೇಕು ತಾಯಿ? ಅವರು ಬೇಸಾಯದಲ್ಲಿ ಸೋತದ್ದನ್ನು ಬರೆದವ್ರಲ್ಲ, ಅಷ್ಟು ಓದಿ ವಾಪಸ್ ಕೊಡ್ತೀನಿ’ ಎನ್ನುತ್ತಿದ್ದರು. ಪುಸ್ತಕದಲ್ಲಿ ಯಾರಿಗೆ ಯಾವ ಪುಟ ಬೇಕೋ ಹೇಳಲಾಗುವುದಿಲ್ಲ.

ಅರಕಲಗೂಡು ಎಂದಾಗ ಅ.ನ.ಕೃ. ಅವರನ್ನು ಬಿಡುವಂತಿಲ್ಲ. ಹುಟ್ಟಿದ್ದು ಕೋಲಾರದಲ್ಲಿ, ಆದರೆ ಹೆಸರಿನ ಮೊದಲ ‘ಅ’ ಅರಕಲಗೂಡೇ. ನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಎಲ್ಲವೂ ಒಂದೇ ತೂಕದವಲ್ಲ, ಅವಸರದಲ್ಲಿ ಬರೆದವೂ ಇವೆ. ‘ಸಂಧ್ಯಾರಾಗ’ ಮಾತ್ರ ಓದಿ. ರುದ್ರಪಟ್ಟಣದಂಥ ಸಂಗೀತದ ಊರು ಇರುವ ತಾಲ್ಲೂಕಿನವರು ಒಬ್ಬ ಹಾಡುಗಾರನ ಕಥೆ ಓದದಿದ್ದರೆ ಹೇಗೆ?

ಹಾಸನದ ಬಾನು ಮುಷ್ತಾಕ್ ಅವರಿಗೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಕನ್ನಡದಿಂದ ಅನುವಾದವಾದ ಪುಸ್ತಕವೊಂದಕ್ಕೆ ಅದು ಸಿಕ್ಕಿದ್ದು ಅದೇ ಮೊದಲು. ಇಂಗ್ಲಿಷಿಗೆ ತಂದವರು ದೀಪಾ ಭಾಸ್ತಿ. ಲಂಡನ್ನಿನವರು ಹೇಳಿದ ಮೇಲೆ ನಮ್ಮವರು ಪುಸ್ತಕ ಹುಡುಕಲು ಹೊರಟರು. ನಾನಿದ್ದ ಶಾಖೆಗಳಲ್ಲಿ ಆ ಕಥೆಗಳು ವರ್ಷಗಟ್ಟಲೆ ಕಪಾಟಿನಲ್ಲೇ ಇದ್ದವು. ಅವನ್ನು ಕೇಳಿ ಪಡೆದವರು ಬೆರಳೆಣಿಕೆಯ ಹೆಂಗಸರು. ‘ಎದೆಯ ಹಣತೆ’ ಕಥೆಯಲ್ಲಿ ತಾಯಿ ಸೀಮೆಎಣ್ಣೆ ಸುರಿದುಕೊಂಡು ನಿಂತಾಗ ದೊಡ್ಡ ಮಗಳು ಎಳೆಗೂಸನ್ನು ಎತ್ತಿಕೊಂಡು ಓಡಿ ಬರುತ್ತಾಳೆ. ಅದನ್ನು ಓದಿ ಪುಸ್ತಕ ವಾಪಸ್ ಕೊಡಲು ಬಂದ ಒಬ್ಬಾಕೆ, ಜಾತಿ ಬೇರೆ, ಊರು ಬೇರೆ, ನನ್ನ ಮೇಜಿನ ಮುಂದೆ ಸುಮ್ಮನೆ ನಿಂತಿದ್ದರು. ನಾನೂ ಏನೂ ಕೇಳಲಿಲ್ಲ.

ಹಾಸನದಲ್ಲೇ 1908ರಲ್ಲಿ ಹುಟ್ಟಿದ ರಾಜಾರಾವ್ ಇಂಗ್ಲಿಷಿನಲ್ಲಿ ‘ಕಾಂತಾಪುರ’ ಬರೆದರು, 1938ರಲ್ಲಿ. ಗಾಂಧಿಯ ಗಾಳಿ ಒಂದು ಹಳ್ಳಿಗೆ ಹೇಗೆ ಬೀಸಿತು ಎಂಬುದನ್ನು ಅಲ್ಲಿ ಒಬ್ಬ ಮುದುಕಿ ಹೇಳುತ್ತಾಳೆ. ಕಾಲೇಜಿಗೆ ಹೋದ ಮೇಲೆ ಓದಿ.

ಹುಡುಗರಿಗೆ ನಿಜವಾದ ಸಾಹಸ ಬೇಕು. ಅವರಿಗೆ ಪೂರ್ಣಚಂದ್ರ ತೇಜಸ್ವಿಯವರು ಕೆನೆತ್ ಆಂಡರ್ಸನ್ನನ ಬೇಟೆಯ ಅನುಭವಗಳನ್ನು ಕನ್ನಡಕ್ಕೆ ತಂದ ‘ಕಾಡಿನ ಕಥೆಗಳು’ ಇದೆ. ಜೀವನಚರಿತ್ರೆ ಬೇಕೆಂದರೆ ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದ ‘ಭಾರತ-ಭಾರತಿ’ ಮಾಲೆಯ ಪುಟ್ಟ ಪುಸ್ತಕಗಳು. ನನ್ನ ವಯಸ್ಸಿನವರು ಅವುಗಳ ಗಾತ್ರವನ್ನು ಅಂಗೈಯಲ್ಲೇ ತೋರಿಸಬಲ್ಲರು. ಆದರೆ ಮಹಾಪುರುಷರನ್ನೇ ಓದುತ್ತಾ ಇದ್ದರೆ ಅವರೆಲ್ಲ ಹುಟ್ಟುವಾಗಲೇ ದೊಡ್ಡವರು ಎಂಬ ಭ್ರಮೆ ಬರುತ್ತದೆ. ಜೊತೆಗೆ ಸಿದ್ದಲಿಂಗಯ್ಯನವರ ‘ಊರುಕೇರಿ’ ಇರಲಿ. ಬಡತನವನ್ನೂ ಅವಮಾನವನ್ನೂ ನಗುತ್ತಾ ಹೇಳುವ ಆ ಪುಸ್ತಕ ಓದುವಾಗ, ನಾವು ಚಿಕ್ಕವರಿದ್ದಾಗ ನಮ್ಮೂರಿನ ಹೋಟೆಲಿನ ಹೊರಗೆ ಬೇರೆಯಾಗಿ ಇಟ್ಟಿರುತ್ತಿದ್ದ ಲೋಟಗಳು ನನಗೆ ನೆನಪಾದವು. ಇಂಥ ಸಂತೋಷದ ದಿನ ಅದನ್ನು ಯಾಕೆ ಎತ್ತಬೇಕು ಎನ್ನಬಹುದು. ಆ ಲೋಟದಲ್ಲಿ ಕುಡಿದವರ ಮಕ್ಕಳೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳೇ.

ಈಗ ಬೀರುವಿನ ಮಾತು. ನಿನ್ನೆ ಮುಖ್ಯೋಪಾಧ್ಯಾಯರ ಅನುಮತಿ ಕೇಳಿ ನಮ್ಮ ಶಾಲೆಯ ಗ್ರಂಥಾಲಯ ನೋಡಿದೆ. ಎರಡು ಕಬ್ಬಿಣದ ಬೀರು, ಎರಡಕ್ಕೂ ಬೀಗ. ಒಂದು ಕೀಲಿ ಸಿಗಲಿಲ್ಲ. ಯಾರನ್ನೂ ದೂರುವುದಿಲ್ಲ. ಪುಸ್ತಕ ಕಳೆದರೆ ಯಾರ ತಲೆಗೆ ಬರುತ್ತದೋ ಎಂಬ ಭಯ ಎಂಥದೆಂದು ನನಗೆ ಗೊತ್ತು. ನಾನೂ ಮೊದಮೊದಲು ಹಾಗೇ ಮಾಡಿದವಳು. ಒಂದು ಊರಿನಲ್ಲಿ ಹುಡುಗನೊಬ್ಬ ‘ಕಾಡಿನ ಕಥೆಗಳು’ ತೆಗೆದುಕೊಂಡು ಹೋಗಿ ಏಳು ತಿಂಗಳು ಬರಲೇ ಇಲ್ಲ. ನಾನೇ ಮನೆ ಹುಡುಕಿಕೊಂಡು ಹೋದೆ. ರಟ್ಟು ಕಿತ್ತುಹೋಗಿದ್ದ ಪುಸ್ತಕ ಅವನ ಮನೆಯಲ್ಲಿರಲಿಲ್ಲ, ಮೂರನೆಯ ಮನೆಯಲ್ಲಿತ್ತು. ಅಲ್ಲಿ ಒಬ್ಬ ಅಜ್ಜನಿಗೆ ಮೊಮ್ಮಗಳು ಓದಿ ಹೇಳುತ್ತಿದ್ದಳು. ವಾಪಸ್ ಕೇಳದೆ ಬಂದೆ. ಅದರ ಬೆಲೆಯನ್ನು ನಾನೇ ಕಟ್ಟಿದೆ. ಆಮೇಲೆ ಎಲ್ಲಿಗೆ ಹೋದರೂ ಬೀಗ ಹಾಕುವುದನ್ನು ಬಿಟ್ಟೆ. ಕಳೆದದ್ದು ನಾನು ಹೆದರಿದ್ದಕ್ಕಿಂತ ಕಡಿಮೆ.

ಸುವರ್ಣ ಮಹೋತ್ಸವ ಸಮಿತಿಯವರು ಹೆಬ್ಬಾಗಿಲ ಕಮಾನು ಕಟ್ಟಿಸಲು ಹಣ ಎತ್ತಿದ್ದಾರೆ. ನಾನೂ ಕೊಟ್ಟಿದ್ದೇನೆ, ಕಮಾನು ಆಗಲಿ. ಆದರೆ ಈ ವರ್ಷ ಎಂಟನೆಯ ತರಗತಿಗೆ ಸೇರಿದ ಮಕ್ಕಳ ಸಂಖ್ಯೆ ಕೇಳಿ ನನಗೆ ನಿದ್ದೆ ಬರಲಿಲ್ಲ. ಬೆಳಿಗ್ಗೆ ಊರಿನ ಮುಂದೆ ಹಳದಿ ಬಸ್ಸುಗಳು ನಿಲ್ಲುವುದನ್ನು ನೀವೂ ನೋಡುತ್ತಿದ್ದೀರಿ. ಆದ್ದರಿಂದ ಸಮಿತಿಯವರಲ್ಲಿ ಕೇಳುವುದು ಇಷ್ಟು: ಉಳಿಯುವ ಹಣದಲ್ಲಿ ಬಾಗಿಲಿಲ್ಲದ ನಾಲ್ಕು ಕಪಾಟು ಮಾಡಿಸಿ, ಖಾಲಿ ಇರುವ ಕೊಠಡಿಯಲ್ಲಿಡಿ. ಪುಸ್ತಕ ಕಳೆದರೆ ಶಿಕ್ಷಕರನ್ನು ಹೊಣೆ ಮಾಡುವುದಿಲ್ಲ, ಹಳೆಯ ವಿದ್ಯಾರ್ಥಿಗಳ ಸಂಘ ಭರಿಸುತ್ತದೆ ಎಂದು ಒಂದು ಠರಾವು ಬರೆಯಿರಿ. ಸಂಜೆ ಐದರಿಂದ ಏಳರವರೆಗೆ ಊರಿನ ಹೆಂಗಸರಿಗೂ ತೆರೆದಿರಲಿ. ಆ ಎರಡು ಗಂಟೆ ನಾನು ಕೂರುತ್ತೇನೆ, ಸಂಬಳ ಬೇಡ, ಚಹಾ ಕೊಟ್ಟರೆ ಬೇಡ ಎನ್ನುವುದಿಲ್ಲ.

ಇನ್ನೊಂದು ಕೆಲಸವೂ ಇದೆ. ಅಣೆಕಟ್ಟು 1979ರಲ್ಲಿ ಮುಗಿಯಿತು. ಮುಳುಗಡೆಯಾದ ಊರುಗಳಿಂದ ಎತ್ತಿನ ಗಾಡಿಯಲ್ಲಿ ಪಾತ್ರೆಪಗಡ ಹೇರಿಕೊಂಡು ಬಂದವರು ಈ ಸಭೆಯಲ್ಲಿ ಐದಾರು ಜನ ಇದ್ದಾರೆ. ಶೆಟ್ಟಿಹಳ್ಳಿಯ ಚರ್ಚು ಮಳೆಗಾಲದಲ್ಲಿ ಅರ್ಧ ಮುಳುಗಿ ನಿಂತಿರುವುದನ್ನು ಎಲ್ಲೆಲ್ಲಿಂದಲೋ ಬಂದು ಫೋಟೋ ಹೊಡೆದುಕೊಂಡು ಹೋಗುತ್ತಾರೆ. ನಮ್ಮ ಪಕ್ಕದಲ್ಲೇ ಕೂತಿರುವವರ ಮನೆ ಎಲ್ಲಿ ಮುಳುಗಿತು ಎಂದು ನಾವು ಕೇಳಿಲ್ಲ. ಒಂಬತ್ತನೆಯ ತರಗತಿಯ ಮಕ್ಕಳು ನೋಟುಪುಸ್ತಕ ಹಿಡಿದು ಅವರ ಮನೆಗೆ ಹೋಗಲಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಳ್ಳಲಿ. ಅದಕ್ಕೂ ಕಪಾಟಿನಲ್ಲಿ ಜಾಗ ಇಡೋಣ.

ನಾನು ಹೇಳಿದ ಪುಸ್ತಕಗಳಲ್ಲಿ ‘ಕಾಂತಾಪುರ’ ಬಿಟ್ಟು ಉಳಿದವನ್ನು ತಂದು, ಹಿಂದಿನ ಸಾಲಿನಲ್ಲಿ ಊಟದ ಚೀಟಿ ಕೊಡುವ ಮೇಜಿನ ಪಕ್ಕದ ಬೆಂಚಿನ ಮೇಲೆ ಇಟ್ಟಿದ್ದೇನೆ. ಒಂದು ರಿಜಿಸ್ಟರೂ ಪೆನ್ನೂ ಇದೆ. ಹೆಸರು ಬರೆದು ತೆಗೆದುಕೊಂಡು ಹೋಗಿ. ‘ಗೃಹಭಂಗ’ ಒಂದೇ ಪ್ರತಿ ಇದೆ. ಅದನ್ನು ಮೊದಲು ನನ್ನ ಜೊತೆಗಾತಿಗೆ ಕೊಡುತ್ತೇನೆ, ಅವಳ ಮೊಮ್ಮಗಳು ಓದಿ ಹೇಳುತ್ತಾಳಂತೆ.