ಗೋಡೆಯ ಬಳಿ ನಿಂತ ಮಗು
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ. ಪ್ರವಾದಿ ಮುಹಮ್ಮದ್(ಸ)ರ ಮೇಲೆ, ಅವರ ಕುಟುಂಬ ಹಾಗೂ ಅನುಚರರ ಮೇಲೆ ಶಾಂತಿ ಇರಲಿ.

ಸಹೋದರರೇ, ಮೂವರು ಜೊತೆಗಿರುವಾಗ ಒಬ್ಬನನ್ನು ಬಿಟ್ಟು ಇಬ್ಬರು ಗುಟ್ಟಾಗಿ ಮಾತಾಡಬಾರದು, ಅದು ಅವನನ್ನು ದುಃಖಿಸುತ್ತದೆ ಎಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಬುಖಾರಿ, ಮುಸ್ಲಿಮ್ ಎರಡರಲ್ಲೂ ಈ ಹದೀಸ್ ಇದೆ. ಇಲ್ಲಿ ಬೈಗುಳವಿಲ್ಲ, ಹೊಡೆತವಿಲ್ಲ. ಹೊರಗಿಟ್ಟದ್ದೇ ನೋವು. ದೊಡ್ಡವರಿಗೇ ಹೀಗಾದರೆ ಐದು ವರ್ಷದ ಮಗುವಿನ ಪಾಡೇನು?

ಮದ್ರಸ ಬಿಟ್ಟ ಮೇಲೆ ಮಸೀದಿಯ ಅಂಗಳದಲ್ಲಿ ಮಕ್ಕಳು ಆಡುವುದನ್ನು ನಾವು ನೋಡುತ್ತೇವೆ. ಗುಂಪು ಮಾಡುವಾಗ ದಿನವೂ ಅದೇ ಮಗು ಗೋಡೆಯ ಬಳಿ ಉಳಿಯುತ್ತದೆ. ಅದು ಮಾತು ತೊದಲುವ ಮಗು, ಇಲ್ಲವೇ ಕೂಲಿಗಾಗಿ ಬೇರೆ ರಾಜ್ಯದಿಂದ ಬಂದವರ ಮಗು. 'ಮಕ್ಕಳಾಟ, ನಾಳೆ ಸರಿಹೋಗುತ್ತದೆ' ಎಂದು ನಾವು ಚಪ್ಪಲಿ ಮೆಟ್ಟಿ ಹೊರಡುತ್ತೇವೆ.

ಆದರೆ ನೋಡುತ್ತಾ ನಿಂತ ಉಳಿದ ಮಕ್ಕಳಿಗೂ ಅದು ನಾಟುತ್ತದೆ. ಹ್ಯಾರಿಯೆಟ್ ಓವರ್ ಮತ್ತು ಮಲಿಂಡಾ ಕಾರ್ಪೆಂಟರ್ ಎಂಬ ಸಂಶೋಧಕಿಯರು ಐದು ವರ್ಷದ ಮಕ್ಕಳಿಗೆ ಒಂದು ಪುಟ್ಟ ಚಲನಚಿತ್ರ ತೋರಿಸಿದರು. ಅದರಲ್ಲಿದ್ದವರು ಮನುಷ್ಯರಲ್ಲ, ಬರೀ ಆಕೃತಿಗಳು. ಒಂದು ಆಕೃತಿಯನ್ನು ಉಳಿದವು ಸೇರಿಸಿಕೊಳ್ಳುವುದಿಲ್ಲ. ಅದನ್ನು ಕಂಡ ಮಕ್ಕಳು ಆಮೇಲೆ ಎದುರಿದ್ದ ದೊಡ್ಡವರು ಮಾಡಿದ್ದನ್ನು ಇತರ ಮಕ್ಕಳಿಗಿಂತ ಹೆಚ್ಚು ಚಾಚೂತಪ್ಪದೆ ಅನುಕರಿಸಿದರು. 2009ರಲ್ಲಿ ಪ್ರಕಟವಾದ ಅಧ್ಯಯನವಿದು. ಬೇರೆಯವರನ್ನು ಹೊರಗಿಟ್ಟದ್ದನ್ನು ಕಂಡರೂ ಸಾಕು, ಎಲ್ಲರೊಡನೆ ಸೇರಿಕೊಳ್ಳುವ ತವಕ ಮಗುವಿನಲ್ಲಿ ಹೆಚ್ಚುತ್ತದೆ.

ಅಂಥ ಮಗು ಯಾರನ್ನು ಅನುಕರಿಸುತ್ತದೆ? ನಮ್ಮನ್ನೇ. 'ಆ ಮನೆಯವರ ಜೊತೆ ಸೇರಬೇಡ' ಎಂದು ಊಟದ ಹೊತ್ತಿನಲ್ಲಿ ಹೇಳಿದವರು ನಾವು. ಮದುವೆಯಲ್ಲಿ ಹಣವಂತರನ್ನು ಎದ್ದು ಬರಮಾಡಿಕೊಂಡು ಬಡ ಸಂಬಂಧಿಕರನ್ನು ಕಾಣದಂತೆ ನಡೆದವರೂ ನಾವು. ಮಕ್ಕಳು ಅಂಗಳದಲ್ಲಿ ಆಡುತ್ತಿರುವುದು ನಮ್ಮದೇ ಆಟ.

ಕುರೈಶರ ಮುಖಂಡರೊಡನೆ ಮಾತಾಡುತ್ತಿದ್ದಾಗ ಬಂದ ಅಂಧ ಅನುಚರ ಇಬ್ನು ಉಮ್ಮಿ ಮಕ್ತೂಮ್(ರ)ರ ಕಡೆಗೆ ಗಮನ ಕೊಡದಿದ್ದುದಕ್ಕೆ ಅಲ್ಲಾಹನು ತನ್ನ ಪ್ರವಾದಿಯನ್ನೇ(ಸ) ತಿದ್ದಿದನು. 'ಅಬಸ' ಅಧ್ಯಾಯದ ಆರಂಭ ಅದೇ. ಮುಂದೆ ಅವರೇ ಮದೀನಾದಲ್ಲಿ ಅದಾನ್ ಕೊಡುವವರಾದರು.

ಷಿಕಾಗೋದ ಶಿಶುವಿಹಾರದ ಶಿಕ್ಷಕಿ ವಿವಿಯನ್ ಪೇಲಿ, ಆಟಕ್ಕೆ ಸೇರಿಸುವುದಿಲ್ಲ ಎಂದು ಯಾರೂ ಯಾರಿಗೂ ಹೇಳಕೂಡದೆಂಬ ನಿಯಮ ತಂದರು. 1992ರಲ್ಲಿ ಆ ಅನುಭವವನ್ನು ಪುಸ್ತಕವಾಗಿ ಬರೆದರು. ಹೊರಗುಳಿದ ಮಗುವಿಗೆ 'ನೀನೇ ಹೋಗಿ ಸೇರಿಕೋ' ಎನ್ನುವುದು ನಮಗೆ ಸುಲಭ. ಆ ಶಿಕ್ಷಕಿ ಹೊಣೆಯನ್ನು ಗುಂಪಿನ ಮೇಲಿಟ್ಟರು.

ಇಂದು ಮನೆಗೆ ಹೋದಾಗ, 'ಯಾರ ಜೊತೆ ಆಡಿದೆ?' ಎಂದಷ್ಟೇ ಕೇಳದೆ, 'ಆಟಕ್ಕೆ ಸೇರದೆ ಉಳಿದವರು ಯಾರು?' ಎಂದೂ ಮಕ್ಕಳನ್ನು ಕೇಳೋಣ. ಆ ಮಗುವಿನ ತಂದೆ ಮುಂದಿನ ಜುಮಾದಲ್ಲಿ ಸಿಕ್ಕರೆ ನಾವೇ ಮೊದಲು ಸಲಾಮ್ ಹೇಳೋಣ.

ಅಲ್ಲಾಹನು ನಮ್ಮ ಹೃದಯಗಳನ್ನೂ ನಮ್ಮ ಅಂಗಳಗಳನ್ನೂ ವಿಶಾಲಗೊಳಿಸಲಿ. ಆಮೀನ್.